ಸೇಟು ಶನಿವಾರ ಮಾಡ್ತಾರೆ

ತಿ. ನರಸೀಪುರದಲ್ಲಿ ಒಬ್ಬರು ಶನಿವಾರ ಮಾಡುತ್ತಾರೆ ಎಂದರೆ ಅದಕ್ಕೆ ಇರುವುದು ಒಂದೇ ಅರ್ಥ. ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಒಪ್ಪೊತ್ತು ಇದ್ದು, ಸಂಜೆ ಶನಿಮಹಾತ್ಮನ ಮುಂದೆ ಎಳ್ಳೆಣ್ಣೆ ದೀಪ ಹಚ್ಚುತ್ತಾರೆ ಎಂದು. ಈ ಮಾತನ್ನು ನನ್ನ ಧಣಿ ಹಯೀಮ್ ದಿವೇಕರ್ ಸೇಟು ಅವರ ತಲೆಗೆ ಕಟ್ಟಿದವನು ನಾನು. ಆ ಮಾತಿನಿಂದ ಅವರ ಎಣ್ಣೆ ಮಿಲ್ಲು ಆ ಊರಿನಲ್ಲಿ ಎಂಟು ವರ್ಷ ನಿಂತಿತು. ಆ ಮಾತಿನಿಂದಲೇ ಹೋಯಿತು.

ದಿವೇಕರ್ ಯಹೂದಿಗಳು. ಅವರ ತಂದೆ ನಂಜನಗೂಡಿನ ರೈಲಿನಲ್ಲಿ ಗಾರ್ಡ್ ಆಗಿದ್ದವರು, ನಿವೃತ್ತಿಯಾದ ಮೇಲೂ ಅಲ್ಲೇ ಉಳಿದರು. ಅವರ ಹಿರಿಯರು ಕೊಂಕಣದ ಕರಾವಳಿಯಲ್ಲಿ ತಲೆತಲಾಂತರದಿಂದ ಗಾಣ ಆಡಿಸಿದವರಂತೆ. ಅಲ್ಲಿಯೂ ವಾರಕ್ಕೊಂದು ದಿನ ಗಾಣ ನಿಲ್ಲಿಸುತ್ತಿದ್ದರಿಂದ ಊರವರು ಅವರನ್ನು ಶನಿವಾರದ ಗಾಣಿಗರು ಎಂದೇ ಕರೆಯುತ್ತಿದ್ದರಂತೆ. ಮಗ ನಂಜನಗೂಡಿನಲ್ಲಿ ಮತ್ತೆ ಅದೇ ಕಸುಬು ಹಿಡಿದರು. ತೊಂಬತ್ತೊಂದರ ಆಷಾಢದಲ್ಲಿ ಕಪಿಲೆ ಏರಿ ಬಂದು ಮಿಲ್ಲಿನ ಒಂದು ಗೋಡೆಯನ್ನೂ ಇನ್ನೂರು ಮೂಟೆ ಎಳ್ಳನ್ನೂ ಎಳೆದುಕೊಂಡು ಹೋಯಿತು. ನೀರಿಳಿದ ಮೇಲೆ ಅವರು ಹನ್ನೊಂದು ದಿನ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಗಾಣವನ್ನು ತೊಳೆದರು. ನಡುವೆ ಬಂದ ಶನಿವಾರ ಮಾತ್ರ ಸುಮ್ಮನೆ ಕುರ್ಚಿ ಹಾಕಿಕೊಂಡು ಆ ಕೆಸರನ್ನು ನೋಡುತ್ತ ಕುಳಿತಿದ್ದರು. ಹೊಸ ಜಾಗ ಹುಡುಕಿಕೊಂಡು ನಾವು ನರಸೀಪುರಕ್ಕೆ ಬಂದದ್ದು ಅದೇ ವರ್ಷ.

ಮಾರ್ಕೆಟ್ಟಿನ ಹಿಂದಿನ ಜಾಗ ಶಿವಣ್ಣನವರದು, ಮುಂದೆ ವಾಸದ ಮನೆ, ಹಿಂದೆ ಮಿಲ್ಲಿಗೆ ಶೆಡ್ಡು. ಹಿರಿಯ ಮನುಷ್ಯ, ಗದ್ದೆ ತೋಟ ಇದ್ದವರು. ಬಾಡಿಗೆ ಮಾತಾಡುವಾಗ ಸೇಟು ಹೊರಗೆ ಮೋಟಾರಿನವನ ಜೊತೆ ಇದ್ದರು. ಶಿವಣ್ಣ ನನ್ನನ್ನು ಕೇಳಿದರು.

"ಶನಿವಾರ ಮಿಲ್ಲು ಮುಚ್ತಾರಂತಲ್ಲ, ಯಾಕಪ್ಪಾ? ಸಂತೆ ಜನ ಬರೋದು ಯಾವಾಗ ಅಂತ ಗೊತ್ತಿಲ್ವಾ ನಿಮ್ ಸೇಟುಗೆ?"

ಸುತ್ತೂರಿನ ಕಡೆಯವನು ನಾನು, ವಚನ ಹಾಡುವ ಮನೆಯಲ್ಲಿ ಬೆಳೆದವನು. ನನ್ನ ತಂದೆ ಬೆಳಗಿನ ಜಾವ ಎದ್ದು ಹೇಳುತ್ತಿದ್ದ ಪದ್ಯಗಳಲ್ಲಿ ಅರ್ಧದ ಅರ್ಥ ನನಗೆ ಇಂದಿಗೂ ತಿಳಿಯದು. ಅರ್ಥ ತಿಳಿಯದೆ ಕೇಳುವುದು ನನಗೆ ಅಭ್ಯಾಸ. ಸೇಟುವನ್ನೂ ಹಾಗೆಯೇ ಕೇಳಿದ್ದೆ. ಶುಕ್ರವಾರ ಹೊತ್ತು ಮುಳುಗುವ ಮುಂಚೆ ಅವರ ಹೆಂಡತಿ ಸೀಪೋರಾಬಾಯಿ ಎರಡು ದೀಪ ಹಚ್ಚುತ್ತಿದ್ದರು, ಇಬ್ಬರೂ ಏನೋ ಹಾಡಿಕೊಳ್ಳುತ್ತಿದ್ದರು. ಎಲ್ಲಿ ಉಸಿರು ನಿಲ್ಲಿಸುತ್ತಾರೆ, ಎಲ್ಲಿ ಎಳೆಯುತ್ತಾರೆ ಎಂಬುದು ನನಗೆ ಬಾಯಿಪಾಠವಾಗಿತ್ತು. ಒಳಗಿನ ಮಾತು ಏನು ಎಂದು ಕೇಳಿರಲಿಲ್ಲ. ಹಾಗಾಗಿ ಶಿವಣ್ಣನವರಿಗೆ ನನಗೆ ಗೊತ್ತಿದ್ದ ಕನ್ನಡದಲ್ಲಿ ಉತ್ತರ ಕೊಟ್ಟೆ.

"ಸೇಟು ಶನಿವಾರ ಮಾಡ್ತಾರೆ ಸ್ವಾಮಿ."

ಶಿವಣ್ಣ ಎದ್ದು ನಿಂತು ಕೈ ಮುಗಿದರು. "ಅಂಗಂತೀಯಾ? ವ್ಯಾಪಾರ ಬಿಟ್ಟು ಶನಿವಾರ ಮಾಡೋರು ಈ ಕಾಲ್ದಲ್ಲಿ ಯಾರವ್ರೆ? ನಿಮ್ ಸೇಟು ಶನಿವಾರ ಮಾಡೋ ತನಕ ಈ ಜಾಗ ಅವರ್ದೇ. ನನ್ ಮಗ್ನಿಗೂ ಇದೇ ಮಾತು ಹೇಳಿರ್ತೀನಿ."

ಹೊರಗೆ ಬಂದು ಸೇಟುಗೆ, "ಜಾಗ ಆಯ್ತು. ನಿಮ್ಮ ಶನಿವಾರಕ್ಕೆ ಅವರದೇನೂ ಅಡ್ಡಿ ಇಲ್ವಂತೆ" ಎಂದೆ. ಅವರು ಖುಷಿಪಟ್ಟರು. ನಾನೂ ಪಟ್ಟೆ. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲವಲ್ಲ.

ಎಂಟು ವರ್ಷದಲ್ಲಿ ಆ ಮಾತು ಊರೆಲ್ಲ ಹಬ್ಬಿತು. ಶನಿದೇವರ ದೀಪಕ್ಕೆ ನಮ್ಮ ಗಾಣದ ಎಳ್ಳೆಣ್ಣೆಯೇ ಆಗಬೇಕು ಎನ್ನುವವರು ಸುತ್ತಲ ಹಳ್ಳಿಗಳಲ್ಲೆಲ್ಲ ಇದ್ದರು. ಆ ಗಾಣವೇ ವ್ರತ ಹಿಡಿದಿದೆ ಎಂದು ಶುಕ್ರವಾರವೇ ಬಂದು ಒಯ್ಯುತ್ತಿದ್ದರು. ಸೇಟು ಯಾರ ಜೊತೆಗೂ ಹೆಚ್ಚು ಬೆರೆಯುತ್ತಿರಲಿಲ್ಲ, ಮಾತು ಒರಟು. ಆದರೆ ಬಾಣಂತಿ ಇರುವ ಮನೆ ಎಂದರೆ ಒಂದು ಸೀಸೆ ಹರಳೆಣ್ಣೆ ಪುಕ್ಕಟೆ. ಯಾರಿಗಾದರೂ ಜೀವಕ್ಕೆ ಬಂತೆಂದರೆ ಮಿಲ್ಲಿನ ಮೆಟಡೋರ್ ಮೈಸೂರಿನ ಆಸ್ಪತ್ರೆಗೆ ಹೊರಡುತ್ತಿತ್ತು. ಶನಿವಾರ ಅದನ್ನು ಡ್ರೈವರ್ ಮಾದು ಓಡಿಸುತ್ತಿದ್ದ. ಉಳಿದ ದಿನ ಕೆಲವೊಮ್ಮೆ ಸೇಟುವೇ.

ಶಿವಣ್ಣ ತೊಂಬತ್ತೆಂಟರಲ್ಲಿ ತೀರಿಕೊಂಡರು. ಮರುವರ್ಷ ಅವರ ಮಗ ಚಿಕ್ಕಸ್ವಾಮಿ ಬೀದಿಯ ಕೊನೆಯಲ್ಲಿದ್ದ ಶನಿದೇವರ ಗೂಡನ್ನು ಕೆಡವಿ ಕಲ್ಲಿನ ಗುಡಿ ಕಟ್ಟಿಸಿದ. ಶ್ರಾವಣದ ಮೊದಲ ಶನಿವಾರ ಗುಡಿ ತೆರೆಯುವುದೆಂದು ಗೊತ್ತಾಯಿತು. ಅದರ ಹಿಂದಿನ ಗುರುವಾರ ಕಮಿಟಿಯ ನಾಲ್ಕು ಜನರನ್ನು ಕರೆದುಕೊಂಡು, ಹಣ್ಣಿನ ತಟ್ಟೆ ಹಿಡಿಸಿಕೊಂಡು ಮಿಲ್ಲಿಗೆ ಬಂದ.

"ಸೇಟು, ಮೊದಲ್ನೇ ದೀಪ ನೀವೇ ಹಚ್ಬೇಕು. ನಿಮ್ಮಷ್ಟು ಕಟ್ಟುನಿಟ್ಟಾಗಿ ಶನಿವಾರ ಮಾಡೋರು ಈ ತಾಲೂಕ್ನಲ್ಲೇ ಇಲ್ಲ."

ಸೇಟು ಕೈ ಒರೆಸಿಕೊಂಡರು. "ಶನಿವಾರ ನಾನು ಬೆಂಕಿ ಮುಟ್ಟಲ್ಲವಲ್ಲ ಚಿಕ್ಕಸ್ವಾಮಿ."

"ಅಂಗಂದ್ರೆ?"

"ಬೆಂಕಿ ಹಚ್ಚಲ್ಲ, ಆರಿಸಲ್ಲ, ಸ್ವಿಚ್ ಹಾಕಲ್ಲ. ಅದಕ್ಕೇ ತಾನೇ ಮಿಲ್ಲು ಮುಚ್ಚೋದು."

"ಮತ್ತೆ ಶನಿದೇವ್ರಿಗೆ ದೀಪ?"

"ಯಾವ ಶನಿದೇವರು?"

ತಟ್ಟೆ ಹಿಡಿದಿದ್ದ ಗೋವಿಂದಯ್ಯ, "ಯಾವ್ ಶನಿದೇವ್ರು ಅಂತ ಕೇಳ್ತಾವ್ನಲ್ಲಪ್ಪೋ!" ಎಂದ. ಒಬ್ಬ ನಕ್ಕ. ಚಿಕ್ಕಸ್ವಾಮಿ ನಗಲಿಲ್ಲ.

"ನೀವು ಯಾವ ಜನ ಸೇಟು? ಇಷ್ಟು ವರ್ಷ ಕೇಳೇ ಇಲ್ಲ ನಾವು."

"ಯಹೂದಿ."

"ಅಂದ್ರೆ ಸಾಬ್ರಾ?"

"ಅಲ್ಲ."

"ಕಿಲಸ್ತಾನ್ರಾ?"

"ಅವರೂ ಅಲ್ಲ."

"ಇನ್ನೇನು ಮ್ಯಾಲಿಂದ ಉದುರಿದ್ರಾ?" ಎಂದ ಗೋವಿಂದಯ್ಯ.

"ನಮಗೆ ದೇವರು ಒಬ್ಬನೇ. ಅವನಿಗೆ ಮೂರ್ತಿ ಇಲ್ಲ. ಆರು ದಿನ ದುಡಿ, ಏಳನೇ ದಿನ ಕೈ ಕಟ್ಟಿ ಕೂತ್ಕೋ ಅಂದಿದಾನೆ. ಕೂತ್ಕೋತೀನಿ. ನಿಮ್ಮ ಗುಡಿಗೆ ಎಣ್ಣೆ ಎಷ್ಟು ಬೇಕು ಹೇಳಿ, ನಾಳೆ ಹೊತ್ತು ಮುಳುಗೋದ್ರೊಳಗೆ ಕಳಿಸ್ತೀನಿ. ದೀಪ ಮಾತ್ರ ನಾನು ಹಚ್ಚಲ್ಲ."

ಚಿಕ್ಕಸ್ವಾಮಿಯ ಬಾಯಲ್ಲಿ 'ನೀವು' ಅನ್ನುವುದು ಅಲ್ಲಿಗೆ ಮುಗಿಯಿತು. "ಎಂಟು ವರ್ಷ ನಿನ್ ಎಣ್ಣೆ ತಂದು ದೇವ್ರಿಗೆ ಉರಿಸಿದ್ದೀವಿ ಕಣಯ್ಯಾ. ನಮ್ಮಪ್ಪ ಸಾಯೋವಾಗ್ಲೂ ನಿನ್ ಹೆಸರೇಳಿ ಕೈ ಮುಗ್ದ."

"ಎಣ್ಣೇಲಿ ಕಲಬೆರಕೆ ಇತ್ತಾ? ಇದ್ರೆ ಹೇಳು."

"ಎಣ್ಣೆ ಸರ್‍ಯಾಗೇ ಇತ್ತು. ನೀನೇ ಕಲಬೆರಕೆ."

ಅವರು ಹಣ್ಣಿನ ತಟ್ಟೆಯನ್ನು ವಾಪಸು ತೆಗೆದುಕೊಂಡು ಹೋದರು.

ಸೇಟು ನನ್ನ ಕಡೆ ತಿರುಗಿದರು. "ಶನಿದೇವರ ವ್ರತ ಅಂತ ಅವರಿಗೆ ಹೇಳಿದ್ದು ಯಾರು?"

"ವ್ರತ ಅನ್ಲಿಲ್ಲ. ಶನಿವಾರ ಮಾಡ್ತಾರೆ ಅಂದೆ."

"ಯಹೂದಿ ಅನ್ನೋಕೆ ನಿನಗೇನಾಗಿತ್ತು?"

"ಅವ್ರಿಗೆ ಅರ್ಥ ಆಗ್ತಿರ್ಲಿಲ್ಲ."

"ಅರ್ಥ ಆಗದೇ ಇದ್ರೆ ಎರಡು ಸಲ ಹೇಳ್ಬೇಕು. ಅರ್ಥ ಆಗೋ ಹಾಗೆ ಬೇರೇನೋ ಹೇಳೋದಲ್ಲ!" ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ನೆಲಕ್ಕೆ ಬಡಿದರು. "ಇನ್ಮೇಲೆ ಯಾರಾದ್ರೂ ನನ್ನ ವಿಷಯ ಕೇಳಿದ್ರೆ ನನ್ನ ಕಡೆ ಕೈ ತೋರಿಸು. ನನ್ನ ಬಾಯಿಗೆ ನೀನು ಮಾತು ಹಾಕ್ಬೇಡ."

ಶನಿವಾರ ಗುಡಿ ತೆರೆಯಿತು. ದೀಪವನ್ನು ಚಿಕ್ಕಸ್ವಾಮಿಯೇ ಹಚ್ಚಿದ. ಹಚ್ಚಿ ಮೈಕಿನಲ್ಲಿ, ನಮ್ಮನ್ನು ಎಂಟು ವರ್ಷ ಮೋಸ ಮಾಡಿದವರ ಗಾಣಕ್ಕೆ ಇನ್ನು ಯಾರೂ ಒಂದು ಕಾಳು ಎಳ್ಳೂ ಹಾಕಬಾರದು ಎಂದ. ನಾನು ನಮ್ಮ ಬಾಗಿಲಲ್ಲಿ ನಿಂತು ಕೇಳಿದೆ. ಅವನ ದನಿಗೆ ಒಂದು ಓಟವಿತ್ತು, ಸಾಲಿನ ಕೊನೆಯಲ್ಲಿ ಜನ ತಾವಾಗಿಯೇ ಹೂಂಗುಟ್ಟುತ್ತಿದ್ದರು.

ಸೋಮವಾರ ಮಿಲ್ಲಿಗೆ ಬಂದದ್ದು ಮೂರು ಜನ. ಬುಧವಾರ ಯಾರೂ ಇಲ್ಲ. ಗುರುವಾರ ಮಾದು ಮೆಟಡೋರಿನ ಬೀಗದ ಕೈ ತಂದು ಮೇಜಿನ ಮೇಲಿಟ್ಟ. "ನಂಗೂ ಹೆಂಡ್ತಿ ಮಕ್ಕಳವ್ರೆ ಬಸವಯ್ಯ. ಚಿಕ್ಕಸ್ವಾಮಿ ಬೀದೀಲೇ ನನ್ ಮನೆ" ಎಂದು ನನ್ನ ಮುಖ ನೋಡದೆ ಹೇಳಿ ಹೋದ. ಬಾಣಂತಿ ಮನೆಯವರು ಹರಳೆಣ್ಣೆಯ ಸೀಸೆಯನ್ನು ಮುಚ್ಚಳ ಬಿಚ್ಚದೆ ನಮ್ಮ ಜಗುಲಿಯ ಮೇಲಿಟ್ಟು ಹೋಗಿದ್ದರು. ಗೋಡೆಯ ಮೇಲೆ ಯಾರೋ ಇದ್ದಿಲಿನಲ್ಲಿ 'ಕಳ್ಳ ಶನಿ' ಎಂದು ಬರೆದರು. ಸೀಪೋರಾಬಾಯಿ ಬಕೆಟ್ಟು ತಂದು ಒರೆಸಿದರು. ಮಾರನೆಯ ದಿನ ಮತ್ತೆ ಬರೆದಿದ್ದರು. ಅವರು ಮತ್ತೆ ಒರೆಸಿದರು.

ಶ್ರಾವಣದ ಮೂರನೆಯ ಶನಿವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಕಾಲೋನಿಯ ಮರಿಯಯ್ಯ ಮೊಮ್ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಓಡಿ ಬಂದ. ಹುಡುಗಿಯ ಹೆಸರು ಕವನ, ಒಂಬತ್ತು ವರ್ಷ. ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿತ್ತು. ಮೊಣಕಾಲಿನ ಮೇಲೆ ಟವೆಲ್ ಬಿಗಿದಿದ್ದರು, ಪಾದ ಊದಿತ್ತು. ನನಗೆ ಗಾಡಿ ಬಿಡಲು ಬರುವುದಿಲ್ಲ. ಮರಿಯಯ್ಯನಿಗೂ ಬರುವುದಿಲ್ಲ. ಸೇಟು ಒಳಗೆ ಪ್ರಾರ್ಥನೆಯ ಪುಸ್ತಕ ಹಿಡಿದು ನಿಂತಿದ್ದರು. ಸದ್ದಿಗೆ ಹೊರಗೆ ಬಂದವರು ಮಗುವಿನ ಕಣ್ಣಿನ ರೆಪ್ಪೆ ಎತ್ತಿ ನೋಡಿ, ಪುಸ್ತಕವನ್ನು ಹೆಂಡತಿಯ ಕೈಗೆ ಕೊಟ್ಟು ಸೀದಾ ಬೀಗದ ಕೈ ತೆಗೆದುಕೊಂಡರು.

"ಸೇಟು, ಇವತ್ತು ಶನಿ…"

"ಬಾಯಿ ಮುಚ್ಚು. ಗೇಟು ತೆಗಿ."

ಮೆಟಡೋರ್ ಗುಡಿಯ ಮುಂದಿನಿಂದಲೇ ಹೋಗಬೇಕು. ದೀಪಕ್ಕೆ ಸಾಲಾಗಿ ನಿಂತಿದ್ದವರು ನೋಡಿದರು. ಸ್ಟೀರಿಂಗು ಹಿಡಿದು ಹಾರನ್ ಒತ್ತುತ್ತಿದ್ದ ಸೇಟುವನ್ನು ನೋಡಿದರೇ ಹೊರತು ನನ್ನ ತೊಡೆಯ ಮೇಲಿದ್ದ ಮಗುವನ್ನು ನೋಡಲಿಲ್ಲ. ಮೈಸೂರು ಸೇರುವ ತನಕ ಸೇಟು ತಮ್ಮ ಭಾಷೆಯಲ್ಲಿ ಏನನ್ನೋ ಒಂದೇ ಸಮ ಹೇಳುತ್ತಿದ್ದರು. ಶುಕ್ರವಾರದ ಹಾಡಲ್ಲ ಅದು. ಅದಕ್ಕೆ ಉಸಿರು ನಿಲ್ಲಿಸುವ ಜಾಗವೇ ಇರಲಿಲ್ಲ.

ಮಗು ಬದುಕಿತು. ಡಾಕ್ಟರು ಆ ಮಾತು ಹೇಳಿದಾಗ ಮಧ್ಯಾಹ್ನ ಮೂರು ಗಂಟೆ. ಊರಿಗೆ ಹೋಗೋಣವೆಂದರೆ ಸೇಟು ಮೆಟಡೋರಿನ ಹತ್ತಿರವೂ ಬರಲಿಲ್ಲ. "ಮಗು ಉಳೀತು. ಇನ್ನು ಗಾಡಿ ಮುಟ್ಟೋಕೆ ನನಗೆ ಕಾರಣ ಇಲ್ಲ" ಎಂದು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತರು. ಆಕಾಶದಲ್ಲಿ ಮೂರು ನಕ್ಷತ್ರ ಕಂಡರೆ ಅವರ ಶನಿವಾರ ಮುಗಿದಂತೆ ಎಂದು ನನಗೆ ಆವತ್ತು ತಿಳಿಯಿತು. ಮೋಡವಿತ್ತು. ಮೂರನೆಯದು ಕಾಣುವ ತನಕ ಕತ್ತೆತ್ತಿಕೊಂಡೇ ಇದ್ದೆವು.

ಬುಧವಾರ ಚಿಕ್ಕಸ್ವಾಮಿ ಗುಡಿಯ ಅಂಗಳದಲ್ಲಿ ನ್ಯಾಯ ಸೇರಿಸಿದ. ಸೇಟು ಹೋದರು, ಜೊತೆಗೆ ನಾನು. ಮರಿಯಯ್ಯ ಅಂಗಳದ ಹೊರಗೆ, ಬೇಲಿಯ ಆಚೆ ನಿಂತಿದ್ದ. ಅವನನ್ನು ಯಾರೂ ಕರೆದಿರಲಿಲ್ಲ, ಒಳಗೆ ಬಾ ಎಂದೂ ಯಾರೂ ಅನ್ನಲಿಲ್ಲ.

"ನಮ್ಮಪ್ಪ ಕೊಟ್ಟ ಮಾತು ಇಷ್ಟೇ," ಎಂದ ಚಿಕ್ಕಸ್ವಾಮಿ. "ಸೇಟು ಶನಿವಾರ ಮಾಡೋ ತನಕ ಜಾಗ ಸೇಟುದು. ಅಪ್ಪನ ಮಾತು ನಾನು ಮುರಿಯಲ್ಲ. ನಿನ್ನ ಶನಿವಾರ ಬೇರೆ, ನಮ್ಮ ಶನಿವಾರ ಬೇರೆ. ಆಯ್ತು, ಅದನ್ನೂ ಬಿಟ್ಟೆ. ನಿನ್ನ ಶನಿವಾರನೇ ತಕ್ಕೋ. ಬೆಂಕಿ ಮುಟ್ಟಲ್ಲ ಅಂದೆ. ಮೆಟಡೋರ್ ಇಂಜಿನ್ನಲ್ಲಿ ಏನೈತೆ, ಮಜ್ಜಿಗೆನಾ?"

ಜನ ನಕ್ಕರು.

"ಜೀವ ಹೋಗ್ತಿದ್ರೆ ಶನಿವಾರ ಮುರೀಬಹುದು ಅಂತಲ್ಲ. ಮುರೀಲೇಬೇಕು," ಎಂದರು ಸೇಟು. "ಅದು ನಮ್ಮ ಕಟ್ಟಳೆ."

"ಓಹೋ. ದೇವ್ರು ಕರೆದ್ರೆ ಬೆಂಕಿ ಮುಟ್ಟಲ್ಲ, ಕಾಲೋನಿಯೋರು ಕರೆದ್ರೆ ಮುಟ್ತೀಯ. ಒಳ್ಳೇ ಕಟ್ಟಳೆ ಕಣಪ್ಪ."

ಬೇಲಿಯ ಆಚೆಯಿಂದ ಮರಿಯಯ್ಯ ಕೂಗಿದ. "ಚಿಕ್ಕಸ್ವಾಮ್ಯೋರೇ, ನಿಮ್ ಮೊಮ್ಮಗೀಗೆ ಕಚ್ಚಿದ್ರೂ ಅವ್ರು ಅಂಗೇ ಓಡ್ಸೋರು! ನಮ್ ಮಗ ಬುದ್ಧನ್ ಪಟ ಇಟ್ಕಂಡವ್ನೆ ಅಂತ ನಮ್ಗೂ ಇದೇ ಕೇಳಿದ್ರಲ್ಲ ನೀವು, ದೀಪ ಯಾಕಚ್ಚಲ್ಲ ಅಂತ!"

"ನಿನ್ನ ಕೇಳ್ದೋರು ಯಾರ್ಲಾ ಮರಿಯ? ಸುಮ್ನಿರು."

ಚಿಕ್ಕಸ್ವಾಮಿ ಮತ್ತೆ ಸೇಟುವಿನ ಕಡೆ ತಿರುಗಿದ. ದನಿ ಇಳಿಸಿದ, ಅದು ಕೂಗಿಗಿಂತ ಹೆಚ್ಚು ಕೇಳಿಸಿತು. "ನಾನೇನು ಊರು ಬಿಟ್ಟೋಗು ಅಂತಿಲ್ಲ. ವ್ರತ ಮುರಿದ್ರೆ ತಪ್ಪುಕಾಣಿಕೆ ಅನ್ನೋದು ಐತೆ. ಬರೋ ಶನಿವಾರ ಬಂದು ಒಂದು ದೀಪ ಹಚ್ಚು. ಒಂದೇ ಒಂದು. ಜಾಗ ನಿಂದು, ಗಾಣ ನಿಂದು, ಜನಾನೂ ಬತ್ತಾರೆ. ಇಲ್ಲಾಂದ್ರೆ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ನಾನು ಬೀಗ ಹಾಕ್ತೀನಿ. ಆಮೇಲೆ ಒಳಗಿರೋದೆಲ್ಲ ನಂದು."

ಸೇಟು, "ಶನಿವಾರ ನಾನು ಬೆಂಕಿ…" ಎಂದು ಶುರುಮಾಡಿದರು.

ಆಗ ನಾನು ಬಾಯಿ ಬಿಟ್ಟೆ. ಅವರು ಬೇಡ ಎಂದಿದ್ದರೂ ಬಿಟ್ಟೆ. ಮಿಲ್ಲು ಉಳಿಯುವ ದಾರಿ ನನ್ನ ಕಣ್ಣಿಗೆ ಕಾಣುತ್ತಿತ್ತು, ಅದು ಅವರಿಗೆ ಯಾಕೆ ಕಾಣುತ್ತಿಲ್ಲ ಎಂದು ಅನಿಸಿತು.

"ಚಿಕ್ಕಸ್ವಾಮಿಯವರೇ, ಅವರ ಶನಿವಾರ ರಾತ್ರಿ ಪೂರ್ತಿ ಇರಲ್ಲ. ನಕ್ಷತ್ರ ಮೂಡಿದ್ರೆ ಮುಗೀತು. ಆಮೇಲೆ ಅವರು ಬೆಂಕಿ ಮುಟ್ಟಬಹುದು. ಮಂಗಳಾರತಿನ ಒಂದು ಗಂಟೆ ತಡ ಮಾಡಿದ್ರೆ…"

ಚಿಕ್ಕಸ್ವಾಮಿ ನನ್ನನ್ನು ನೋಡಿದ. ಅವನ ಮುಖ ಅರಳಿತು. "ನೋಡ್ದ್ರಾ, ಬಸವಯ್ಯ ತಿಳಿದೋನು. ಆಯ್ತು ಸೇಟು! ನಕ್ಷತ್ರ ಬರ್ಲಿ. ನಿನ್ನ ಶನಿವಾರ ಮುಗೀಲಿ. ಬೀಗದ ಮಾತೂ ಅಲ್ಲೀವರ್ಗೂ ನಿಲ್ಲಿಸ್ತೀನಿ. ನಾವೆಲ್ಲ ಇಲ್ಲೇ ಕಾಯ್ತೀವಿ. ಏಳು ಗಂಟೆಗೆ ಬರ್ತೀಯೋ, ಎಂಟಕ್ಕೆ ಬರ್ತೀಯೋ?"

ಸೇಟು ಅಷ್ಟು ಹೊತ್ತು ಶನಿವಾರದ ಹಿಂದೆ ನಿಂತಿದ್ದರು, ಅಲ್ಲಿ ನಿಂತು ಯಾರ ದೇವರನ್ನೂ ಅನ್ನದೆ ಉಳಿದುಬಿಡಬಹುದಿತ್ತು ಎಂಬುದು ನನಗೆ ಆಗ ಹೊಳೆಯಿತು. ಆ ಒಂದು ಮರೆಯನ್ನು ನಾನು ಎಳೆದು ಹಾಕಿದ್ದೆ.

"ನಾನು ಯಾವತ್ತೂ ಬರಲ್ಲ," ಎಂದರು. "ಶನಿವಾರಾನೂ ಇಲ್ಲ, ಭಾನುವಾರಾನೂ ಇಲ್ಲ. ಮೂರ್ತಿ ಮುಂದೆ ನಾನು ದೀಪ ಹಚ್ಚಲ್ಲ. ನಿಮ್ಮ ದೇವರು ನಿಮಗೆ ದೊಡ್ಡದು, ನಾನು ಒಂದು ಮಾತೂ ಅಂದಿಲ್ಲ. ನನಗೆ ಅದು ಇಲ್ಲ."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ."

ಗೋವಿಂದಯ್ಯ ಎದ್ದ. "ದೇವ್ರೇ ಇಲ್ಲ ಅಂತಾನೆ ಕಣ್ರೋ!" ಅವರು ಅಂದದ್ದು ಅದಲ್ಲ. ಆದರೆ ಅಂಗಳಕ್ಕೆ ಕೇಳಿಸಿದ್ದು ಅದೇ. ಯಾರೋ ಸೇಟುವಿನ ಟೋಪಿಗೆ ಕೈ ಹಾಕಿ ಕಿತ್ತು ಎಸೆದರು. ಅವರು ಬಗ್ಗಿ ಎತ್ತಿಕೊಂಡು, ಧೂಳು ಕೊಡವಿ, ಮತ್ತೆ ಹಾಕಿಕೊಂಡು ನಡೆದರು. ಹಿಂದಿನಿಂದ ಒಂದು ತೆಂಗಿನ ಚಿಪ್ಪು ಬಂದು ನನ್ನ ಬೆನ್ನಿಗೆ ಬಿತ್ತು.

ದಾರಿಯಲ್ಲಿ ನಾನು, "ಸೇಟು, ನಾನು ಒಳ್ಳೇದಾಗ್ಲಿ ಅಂತ…" ಎಂದೆ.

"ಗೊತ್ತು. ಅವರದ್ದು ದ್ವೇಷ, ಎದುರಿಗೆ ನಿಂತು ಉತ್ತರ ಕೊಡಬಹುದು. ನಿನ್ನ ಒಳ್ಳೇದಕ್ಕೆ ಏನು ಉತ್ತರ ಕೊಡ್ಲಿ?" ಎಂದು ನನಗಿಂತ ಮುಂದೆ ನಡೆದರು.

ನಂಜನಗೂಡಿನಲ್ಲಿ ಹೊಳೆ ಬಿಟ್ಟುಹೋದ ಹಳೆಯ ಶೆಡ್ಡು ಇನ್ನೂ ಅವರದೇ ಆಗಿತ್ತು. ಅಲ್ಲಿಗೆ ಸಾಗಿಸುವುದೆಂದು ಗುರುವಾರ ಬೆಳಿಗ್ಗೆಯಿಂದ ಲಾರಿ ಹುಡುಕಿದೆ. ಊರಿನ ಒಂದು ಲಾರಿಯೂ ಬರಲಿಲ್ಲ. ಭಾರದ ಸಾಮಾನು ಮೆಟಡೋರಿಗೆ ಹಿಡಿಯುವುದಿಲ್ಲ, ಉಳಿದ ಮೂಟೆಗಳನ್ನು ಅದರಲ್ಲಿ ತುಂಬಿ ಸೇಟು ಅದನ್ನು ನಂಜನಗೂಡಿನಲ್ಲೇ ಬಿಟ್ಟು ಬಸ್ಸಿಗೆ ವಾಪಸು ಬಂದರು. ಹಮಾಲಿಗಳು ನನ್ನನ್ನು ಕಂಡರೆ ಬೀಡಿ ಹಚ್ಚಿಕೊಂಡು ಆಚೆ ತಿರುಗುತ್ತಿದ್ದರು. ಕಡೆಗೆ ನಂಜನಗೂಡಿನ ಒಂದು ಲಾರಿ ಒಪ್ಪಿ ಶುಕ್ರವಾರ ಮಧ್ಯಾಹ್ನ ಒಂದೂವರೆಗೆ ಬಂತು. ಮರಿಯಯ್ಯ ತನ್ನ ಜನ ಎಂಟು ಮಂದಿಯನ್ನು ಕರೆತಂದ. ಪಾತ್ರೆ, ಹಾಸಿಗೆ, ಪುಸ್ತಕದ ಪೆಟ್ಟಿಗೆ ಮೊದಲು ಹೋದವು. ಗಾಣವನ್ನು ಬಿಚ್ಚಿ ಏರಿಸುವಷ್ಟರಲ್ಲಿ ಐದು ಗಂಟೆ. ಇನ್ನು ಉಳಿದದ್ದು ಎಕ್ಸ್‌ಪೆಲ್ಲರ್. ಕಡಲೆಕಾಯಿ, ಹರಳು ಎಲ್ಲ ಹಿಂಡುವ ದೊಡ್ಡ ಕಬ್ಬಿಣದ ಯಂತ್ರ ಅದು, ಮಿಲ್ಲಿನ ಮುಕ್ಕಾಲು ಪಾಲು ದುಡಿಮೆ ಅದರದೇ. ಲಾರಿಯಲ್ಲಿ ಜಾಗವಿರಲಿಲ್ಲ. ಇಳಿಸಿ ವಾಪಸು ಬರಲು ಎರಡೂವರೆ ಗಂಟೆಯಾದರೂ ಬೇಕು. ಸೀಪೋರಾಬಾಯಿ ಖಾಲಿ ಮನೆಯ ನೆಲದ ಮೇಲೆ ಎರಡು ದೀಪ ಹಚ್ಚಿಟ್ಟರು.

ಸೇಟು ಲಾರಿಯವನಿಗೆ, "ಹೊತ್ತು ಮುಳುಗೋ ಮುಂಚೆ ಸೇರ್ಕೋ. ರಾತ್ರಿ ವಾಪಸು ಬರಬೇಡ," ಎಂದರು.

"ಸಾ, ಎಂಟಕ್ಕೆಲ್ಲ ಬತ್ತೀನಿ. ಇದನ್ನೂ ಏರಿಸಿಬಿಡಾಣ."

"ಬೇಡ ಅಂದೆ."

ಮರಿಯಯ್ಯ ಹತ್ತಿರ ಬಂದ. "ನೀವು ಒಳಗೆ ಕೂತು ಪ್ರಾರ್ಥನೆ ಮಾಡ್ಕಳಿ ಸಾ. ನಾವೇನೂ ನಿಮ್ ಜನ ಅಲ್ವಲ್ಲ, ನಮ್ಗ್ಯಾವ ಶನಿವಾರ? ನಾವೆತ್ತೀವಿ."

"ನನಗೋಸ್ಕರ ನೀನು ಎತ್ತಿದ್ರೆ ನಾನೇ ಎತ್ತಿದ ಹಾಗೆ ಮರಿಯಯ್ಯ. ಇದು ಕಬ್ಬಿಣ. ಕವನ ಅಲ್ಲ." ಅಷ್ಟು ಹೇಳಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಶುಕ್ರವಾರದ ಹಾಡು ಕೇಳಿಸಿತು. ಮನೆ ಖಾಲಿಯಿದ್ದುದರಿಂದ ಪ್ರತಿ ಸಾಲೂ ಎರಡು ಸಲ ಕೇಳಿಸುತ್ತಿತ್ತು.

ಶನಿವಾರ ಬೆಳಿಗ್ಗೆ ಏಳಕ್ಕೆ ನಾನು ಮಿಲ್ಲಿಗೆ ಬಂದರೆ ಮರಿಯಯ್ಯ ಹಿಂಬಾಗಿಲಲ್ಲಿ ಕಾಯುತ್ತಿದ್ದ. ಜೋಡೆತ್ತಿನ ಗಾಡಿ, ಹಾರೆ, ಹಗ್ಗ, ಹತ್ತು ಜನ.

"ಬೀಗದ ಕೈ ನಿನ್ತಾವ ಅದಲ್ಲ, ತಗಿ," ಎಂದ ಮೆಲ್ಲಗೆ. "ಸೇಟು ಮುಂದ್ಗಡೆ ಅವ್ರೆ. ಹಿಂದ್ಗಡೆಯಿಂದ ಎತ್ಕಂಡು ಕಾಲೋನಿಗಾಕ್ತೀವಿ. ಚಿಕ್ಕಸ್ವಾಮಿ ಬರೋವಷ್ಟ್ರಲ್ಲಿ ಖಾಲಿ. ಸೇಟುಗೆ ನಾಳೆ ಏಳಿದ್ರಾಯ್ತು. ಪಾಪ ಬಂದ್ರೆ ನಮ್ಗೆ ಬರ್ಲಿ."

ಬೀಗದ ಕೈ ನನ್ನ ಜೇಬಿನಲ್ಲಿತ್ತು. ಆ ಯಂತ್ರಕ್ಕೆ ಎಂಟು ವರ್ಷ ದಿನಾ ಬೆಳಿಗ್ಗೆ ಗ್ರೀಸು ಹಾಕಿದವನು ನಾನು. ಮೂವತ್ತು ನಿಮಿಷದ ಕೆಲಸ. ನಾಳೆ ಸೇಟುಗೆ ಹೇಳುವ ಮಾತೂ ಆಗಲೇ ನನ್ನ ಬಾಯಲ್ಲಿ ಕೂಡಿಬಂದಿತ್ತು: ಅವರೇ ಬಂದು ಎತ್ತಿದರು, ನನಗೆ ತಡೆಯಲು ಆಗಲಿಲ್ಲ. ಅದರಲ್ಲೂ ಒಂದಕ್ಷರ ಸುಳ್ಳು ಇರುವುದಿಲ್ಲ ಎಂದು ಅನಿಸಿದ ಕೂಡಲೇ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

"ಬೇಡ ಮರಿಯಯ್ಯ," ಎಂದೆ.

"ಏನ್ ಬೇಡ?"

"ಅವರು ಬೇಡ ಅಂದಿದಾರೆ. ನಾನು ತೆಗೆಯಲ್ಲ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಆ ಗುಡಿಯೋರತ್ರ ಎಷ್ಟು ಇಸ್ಕಂಡೆ?"

"ಏನೂ ಇಲ್ಲ."

"ಮೊದ್ಲು ನಾಲ್ಗೇಲಿ ಮಿಲ್ಲು ಕಳ್ದೆ. ಈಗ ಕೈ ಕಟ್ಕಂಡು ಕಳೀತಿದ್ದೀಯ. ಥೂ, ನಿನ್ ಭಕ್ತಿಗಷ್ಟು ಬೆಂಕಿ ಬೀಳ!" ಎಂದು ಉಗಿದ. 

ಎತ್ತುಗಳು ತಿರುಗಿ ಹೋದವು. ಆ ದಿನ ಊರಿನಲ್ಲಿ ನನ್ನ ಜೊತೆ ಮಾತಾಡುವ ಒಬ್ಬನೂ ಉಳಿಯಲಿಲ್ಲ.

ಹನ್ನೆರಡಕ್ಕೆ ಚಿಕ್ಕಸ್ವಾಮಿ ಹೊಸ ಬೀಗ ಹಿಡಿದು ಬಂದ. ಬೀದಿ ತುಂಬ ಜನ. ಸೇಟು ಮತ್ತು ಸೀಪೋರಾಬಾಯಿ ಬಿಳಿ ಬಟ್ಟೆ ಹಾಕಿಕೊಂಡು ಬಾಗಿಲಿಗೆ ಬಂದರು. ಅವರ ಕೈಯಲ್ಲಿ ಒಂದು ಚೀಲವೂ ಇರಲಿಲ್ಲ, ಛತ್ರಿಯೂ ಇರಲಿಲ್ಲ. ಶನಿವಾರ ಬೀದಿಯಲ್ಲಿ ಅವರು ಏನನ್ನೂ ಹೊರುವುದಿಲ್ಲ. ತುಂತುರು ಬೀಳುತ್ತಿತ್ತು.

"ಬರಿಗೈಲಿ ಹೊಂಟ್ರಲ್ಲಪ್ಪೋ!" ಎಂದ ಗೋವಿಂದಯ್ಯ. "ಒಂದು ಚೊಂಬಾದ್ರೂ ತಕ್ಕೊಂಡೋಗಿ ಸೀಪೋರಮ್ಮ, ದಾರೀಲಿ ನೀರಿಗಾಯ್ತದೆ!"

ಚಿಕ್ಕಸ್ವಾಮಿ ಒಳಗೆ ಇಣುಕಿದ. ಗಾಣವಿದ್ದ ಜಾಗದ ಗುಂಡಿಯನ್ನೂ ಅದರ ಪಕ್ಕ ನಿಂತಿದ್ದ ಎಕ್ಸ್‌ಪೆಲ್ಲರನ್ನೂ ನೋಡಿದ. ಅದನ್ನು ಬಿಟ್ಟು ಹೋಗುತ್ತಾರೆ ಎಂದು ಅವನು ಎಣಿಸಿರಲಿಲ್ಲ. ಆಮೇಲೆ ಬೀಗ ಹಾಕಿ, ಅದನ್ನು ಎರಡು ಸಲ ಎಳೆದು ನೋಡಿದ.

ಸೇಟು ಮೆಟ್ಟಿಲಿಳಿದು ನನ್ನ ಮುಂದೆ ನಿಂತರು. "ಬೆಳಿಗ್ಗೆ ಗಾಡಿ ಸದ್ದು ಕೇಳಿಸ್ತು."

"ಮರಿಯಯ್ಯ ಬಂದಿದ್ದ."

"ಏನು ಹೇಳ್ದೆ?"

"ನೀವು ಹೇಳಿದ್ದೇ ಹೇಳ್ದೆ."

ಅವರು ನನ್ನನ್ನು ನೋಡಿದರು. ಆ ನೋಟದಲ್ಲಿ ಪ್ರೀತಿ ಇತ್ತೆಂದು ಹೇಳಿದರೆ ಅದು ನಾನು ಸೇರಿಸಿದ್ದಾಗುತ್ತದೆ. ಅವರ ಗಡ್ಡದಿಂದ ಮಳೆಹನಿ ತೊಟ್ಟಿಕ್ಕುತ್ತಿತ್ತು. ಬೀದಿಯವರು ಕೂಗುತ್ತಲೇ ಇದ್ದರು.

"ನಾಳೆ ನಂಜನಗೂಡಿಗೆ ಮೊದಲನೇ ಬಸ್ಸು ಎಷ್ಟಕ್ಕೆ?" ಎಂದರು.

"ಆರಕ್ಕೆ."

"ಅದಕ್ಕೇ ಹೋಗೋಣ. ಗಾಣ ಕೂರಿಸೋಕೆ ಇಡೀ ದಿನ ಬೇಕು. ತಡ ಮಾಡ್ಬೇಡ" ಎಂದು, ನಕ್ಷತ್ರ ಮೂಡುವ ತನಕ ಕೂರಲು ಹೆಂಡತಿಯ ಜೊತೆ ಹೊಳೆಯ ಕಡೆಗೆ ನಡೆದರು.